ಕಟ್ಟಿಕೊಂಡ ಕಮೋಡಿಗೆ ಪಂಪ್, ಆಸಿಡ್, ಸ್ಪ್ರಿಂಗ್, ಲಾರಿ: ನಮ್ಮ ಮನೆಯಲ್ಲಿ ಯಾವುದು ನಡೆಯಿತು

ಕಮೋಡಿನಲ್ಲಿ ನೀರು ಇಳಿಯದೆ ಅಂಚಿನವರೆಗೆ ಬಂದು ನಿಂತರೆ ಎಲ್ಲರೂ ಮೊದಲು ಮಾಡುವ ಕೆಲಸ ಇನ್ನೊಮ್ಮೆ ಫ್ಲಶ್ ಒತ್ತುವುದು. ಅದೊಂದು ಬೇಡ. ಗೋಡೆಯಲ್ಲಿರುವ ಆ್ಯಂಗಲ್ ಕಾಕ್ ತಿರುಗಿಸಿ ಫ್ಲಶ್ ಟ್ಯಾಂಕಿಗೆ ನೀರು ಬರುವುದನ್ನು ನಿಲ್ಲಿಸಿ. ಉಳಿದದ್ದು ಆಮೇಲೆ.

ನಮ್ಮದು ಉಡುಪಿ ಹತ್ತಿರ ಕಲ್ಯಾಣಪುರ ಕಡೆ ಹಳೇ ಮನೆ. ಹೊರಗೆ ಒಂದು ಇಂಡಿಯನ್ ಟಾಯ್ಲೆಟ್, ಒಳಗೆ ಅತ್ತೆಯ ಮಂಡಿನೋವಿಗೋಸ್ಕರ ಹಾಕಿಸಿದ ಕಮೋಡು. ಎರಡೂ ಹೋಗುವುದು ಒಂದೇ ಸೆಪ್ಟಿಕ್ ಟ್ಯಾಂಕಿಗೆ, ಅಲ್ಲಿಂದ ಸಿಮೆಂಟ್ ರಿಂಗಿನ ಇಂಗುಗುಂಡಿಗೆ. ಇದು ಬೇಸಿಗೆಯಲ್ಲೂ ಕಟ್ಟಿದೆ, ಮಳೆಗಾಲದಲ್ಲೂ ಕಟ್ಟಿದೆ, ನೆಂಟರಿದ್ದಾಗ ಅಂತೂ ಕೇಳುವುದೇ ಬೇಡ. ಹಾಗಾಗಿ ಅಂಗಡಿಯವರು ಕೊಟ್ಟದ್ದು, ಪಕ್ಕದ ಮನೆಯವರು ಹೇಳಿದ್ದು, ಪ್ಲಂಬರ್ ತಂದದ್ದು ಎಲ್ಲವನ್ನೂ ನೋಡಿ ಆಗಿದೆ.

ಯಾವುದು ಒಳ್ಳೆಯದು ಅಂತ ಕೇಳುವ ಮೊದಲು ಎಲ್ಲಿ ಕಟ್ಟಿದೆ ಅಂತ ನೋಡಬೇಕು. ಅದಕ್ಕೆ ದುಡ್ಡು ಬೇಡ. ಮನೆ ಹಿಂದೆ ಇರುವ ಚೇಂಬರಿನ, ಅಂದರೆ ಟಾಯ್ಲೆಟ್ಟಿನಿಂದ ಸೆಪ್ಟಿಕ್ ಟ್ಯಾಂಕಿಗೆ ಹೋಗುವ ಪೈಪಿನ ದಾರಿಯಲ್ಲಿರುವ ಸಣ್ಣ ತೊಟ್ಟಿಯ, ಮುಚ್ಚಳ ಎತ್ತಿದರೆ ಸಾಕು. ನಮ್ಮದು ಪಾಚಿ ಹಿಡಿದು ಹುಲ್ಲಿನಡಿ ಹೋಗಿತ್ತು, ಕಬ್ಬಿಣದ ಸಲಾಕೆ ಹಾಕಿ ಮೀಟಬೇಕಾಯಿತು. ಚೇಂಬರ್ ಒಣಗಿದ್ದರೆ ತೊಂದರೆ ಇರುವುದು ಟಾಯ್ಲೆಟ್ಟಿಗೂ ಚೇಂಬರಿಗೂ ನಡುವೆ. ಚೇಂಬರ್ ತುಂಬಿ ನಿಂತಿದ್ದರೆ ತೊಂದರೆ ಅದರ ಆಚೆ, ಅಂದರೆ ಪೈಪಿನಲ್ಲೋ ಟ್ಯಾಂಕಿನಲ್ಲೋ. ಆಗ ಕಮೋಡಿನ ಮುಂದೆ ನಿಂತು ಎಷ್ಟು ಪಂಪ್ ಹೊಡೆದರೂ ಕೈ ನೋವಷ್ಟೇ ಲಾಭ. ಬಚ್ಚಲಿನ ನೀರು ಸಹ ಹಿಂದೆ ಬರುತ್ತಿದೆಯಾ ನೋಡಿ ಅಂತ ಕೆಲವರು ಹೇಳುತ್ತಾರೆ. ಫ್ಲಾಟುಗಳಲ್ಲಿ ಅದು ಸರಿ. ಆದರೆ ನಮ್ಮ ಕಡೆಯ ಹಳೇ ಮನೆಗಳಲ್ಲಿ ಬಚ್ಚಲ ನೀರು ಹೋಗುವುದು ತೆಂಗಿನ ಬುಡಕ್ಕೆ, ಟಾಯ್ಲೆಟ್ ಗುಂಡಿಗಲ್ಲ. ಅದನ್ನು ನೋಡಿ ಏನೂ ಗೊತ್ತಾಗುವುದಿಲ್ಲ.

ಈಗ ಒಂದೊಂದಾಗಿ.

ಅಡಿಗೆ ಸೋಡಾ ಮತ್ತು ವಿನೆಗರ್. ನೊರೆ ಬರುತ್ತದೆ, ನೋಡಲು ಚೆಂದ. ಆಮ್ಲವೂ ಕ್ಷಾರವೂ ಸೇರಿ ಗ್ಯಾಸ್ ಆಗಿ ಹೋಗುತ್ತದೆ, ಉಳಿಯುವುದು ಉಪ್ಪುನೀರಿನಂಥದ್ದು. ಕಟ್ಟಿಕೊಂಡದ್ದು ಅಲ್ಲೇ ಇರುತ್ತದೆ. ಮುಂದಕ್ಕೆ ಹೋಗೋಣ.

ಬಿಸಿನೀರು ಮತ್ತು ಪಾತ್ರೆ ತೊಳೆಯುವ ಲಿಕ್ವಿಡ್. ಇದನ್ನು ನಾನು ಹಗುರ ಮಾಡುವುದಿಲ್ಲ, ಯಾಕೆಂದರೆ ಬರೀ ಮಲ ಅಥವಾ ಟಿಶ್ಯೂ ಪೇಪರ್ ಗಟ್ಟಿಯಾಗಿ ಕೂತಿದ್ದರೆ ನಿಜವಾಗಿ ಕೆಲಸ ಮಾಡುತ್ತದೆ. ನಿಂತ ನೀರನ್ನು ಮಗ್ಗಿನಲ್ಲಿ ಎತ್ತಿ ಬಕೆಟಿಗೆ ಹಾಕಿ, ಕೈಗೆ ಗ್ಲೌಸ್ ಇರಲಿ. ಲಿಕ್ವಿಡ್ ಧಾರಾಳವಾಗಿ ಸುರಿದು ಸ್ವಲ್ಪ ಹೊತ್ತು ಬಿಡಿ. ಆಮೇಲೆ ಬಚ್ಚಲ ಹಂಡೆಯಿಂದ ಬಿಸಿನೀರು ತಂದು ಸೊಂಟದ ಎತ್ತರದಿಂದ ಒಂದೇ ಸಲ ಹೊಯ್ಯಿರಿ. ಕೈ ಇಟ್ಟರೆ ತಡೆದುಕೊಳ್ಳುವಷ್ಟೇ ಬಿಸಿ ಸಾಕು. ಕುದಿಯುವ ನೀರು ಹೊಯ್ದರೆ ಪಿಂಗಾಣಿ ಬಿರುಕು ಬಿಡಬಹುದು, ಒಳಗಿನ ಪಿವಿಸಿ ಪೈಪ್ ಮೆತ್ತಗಾಗುತ್ತದೆ. ಬಟ್ಟೆ, ಪ್ಯಾಡ್, ಡೈಪರ್ ಒಳಗೆ ಹೋಗಿದ್ದರೆ ಮಾತ್ರ ಇದರಿಂದ ಏನೂ ಆಗದು. ಪ್ಯಾಡಿನೊಳಗಿನ ಜೆಲ್ ನೀರು ಕುಡಿದು ಇನ್ನೂ ಉಬ್ಬುತ್ತದೆ.

ರಬ್ಬರ್ ಪಂಪ್, ಅಂದರೆ ಪ್ಲಂಜರ್. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಕೆಂಪು ಬಟ್ಟಲಿನದ್ದು, ಕೋಲು ಸಿಕ್ಕಿಸಿದ್ದು. ಅದು ಇಂಡಿಯನ್ ಟಾಯ್ಲೆಟ್ಟಿಗೆ, ಸಿಂಕಿಗೆ ಸರಿ. ಕಮೋಡಿನ ತೂತಿಗೆ ಅದು ಸರಿಯಾಗಿ ಕೂರುವುದಿಲ್ಲ, ಬದಿಯಿಂದ ಗಾಳಿ ಹೋಗುತ್ತದೆ. ಕಮೋಡಿಗೆ ಬೇಕಾದ್ದು ಬಟ್ಟಲಿನೊಳಗಿಂದ ಇನ್ನೊಂದು ಸಣ್ಣ ತುಟಿ ಹೊರಗೆ ಬರುವ ಪಂಪ್. ಅದಕ್ಕೆ ಸ್ವಲ್ಪ ಜಾಸ್ತಿ ದುಡ್ಡು, ಆದರೆ ಎರಡಕ್ಕೂ ಇರುವ ವ್ಯತ್ಯಾಸ ಮೊದಲ ಒತ್ತಿನಲ್ಲೇ ಕೈಗೆ ಗೊತ್ತಾಗುತ್ತದೆ. ರಬ್ಬರ್ ಮುಳುಗುವಷ್ಟು ನೀರು ಇರಬೇಕು, ಇಲ್ಲದಿದ್ದರೆ ಗಾಳಿಯನ್ನೇ ಒತ್ತಿದ ಹಾಗೆ. ಮೊದಲ ಒತ್ತು ಮೆಲ್ಲಗೆ, ಒಳಗಿನ ಗಾಳಿ ಹೋಗಲಿ, ಇಲ್ಲವಾದರೆ ಎಲ್ಲ ನಿಮ್ಮ ಮುಖಕ್ಕೇ. ಎಲ್ಲರೂ ಒತ್ತುವುದಕ್ಕೆ ಜೋರು ಹಾಕುತ್ತಾರೆ, ಆದರೆ ಎಳೆಯುವಾಗಲೇ ಸಿಕ್ಕಿಕೊಂಡದ್ದು ಸಡಿಲಾಗುವುದು. ಪಂಪ್ ಮನೆಯಲ್ಲಿ ಇಲ್ಲದ ದಿನ ಹಳೇ ಮಾಪಿಗೆ ದಪ್ಪ ಪ್ಲಾಸ್ಟಿಕ್ ಚೀಲ ಕಟ್ಟಿ ಇಂಡಿಯನ್ ಟಾಯ್ಲೆಟ್ಟಿನಲ್ಲಿ ಹಾಗೇ ಒತ್ತಿ ಎಳೆದಿದ್ದೇವೆ. ಸುಮ್ನೆ ಹೇಳುವುದಲ್ಲ, ಅಂಗಡಿಯ ಕೆಂಪು ಪಂಪಿಗಿಂತ ಅದೇ ವಾಸಿ.

ಇನ್ನು ಆಸಿಡ್ ಮತ್ತು ಕಾಸ್ಟಿಕ್ ಪುಡಿ. ಇಲ್ಲಿ ನನಗೆ ಸ್ವಲ್ಪ ಕೋಪ ಉಂಟು, ಯಾಕೆಂದರೆ ಯಾರನ್ನು ಕೇಳಿದರೂ ಮೊದಲು ಹೇಳುವುದು ಇದನ್ನೇ. ಕಾಸ್ಟಿಕ್ ಸೋಡಾ ಇರುವ ಡ್ರೇನ್ ಪುಡಿ ಅಡಿಗೆಮನೆ ಸಿಂಕಿನ ಜಿಡ್ಡಿಗೆ, ಬಚ್ಚಲ ಜಾಲರಿಯಡಿಯ ಕೂದಲಿಗೆ ಒಳ್ಳೆಯದೇ. ನಮ್ಮ ಸಿಂಕಿನಲ್ಲಿ ಚೆನ್ನಾಗಿ ನಡೆದಿದೆ. ಕಮೋಡಿನಲ್ಲಿ ಅಷ್ಟು ನೀರಿನ ನಡುವೆ ಅದು ಕರಗಿ ತೆಳ್ಳಗಾಗಿ ಕಟ್ಟಿದ ಜಾಗಕ್ಕೆ ಹೋಗಿ ಮುಟ್ಟುವಾಗ ಅದರಲ್ಲಿ ಹೆಚ್ಚು ಶಕ್ತಿ ಉಳಿದಿರುವುದಿಲ್ಲ. ಬಾಟಲಿಯಲ್ಲಿ ಸಿಗುವ ಆಸಿಡ್ ಹೈಡ್ರೋಕ್ಲೋರಿಕ್, ಅದು ನೀರಿನ ಬಿಳಿ ಕಲೆ ತೆಗೆಯುತ್ತದೆ, ಜೊತೆಗೆ ಟೈಲ್ಸ್ ಸಂದಿನ ಸಿಮೆಂಟನ್ನೂ ತಿನ್ನುತ್ತದೆ. ಬಟ್ಟೆಯನ್ನೋ ಪ್ಯಾಡನ್ನೋ ಕರಗಿಸುವುದಿಲ್ಲ. ಸೆಪ್ಟಿಕ್ ಟ್ಯಾಂಕಿನಲ್ಲಿ ಕೊಳೆಯಿಸುವ ಕೆಲಸ ಬ್ಯಾಕ್ಟೀರಿಯಾದ್ದು, ಬಾಟಲಿಗಟ್ಟಲೆ ಆಸಿಡ್ ಹೋದರೆ ಅದೂ ಸಾಯುತ್ತದೆ. ಆಸಿಡ್ ಮೇಲೆ ಬ್ಲೀಚಿಂಗ್ ಪುಡಿ ಹಾಕಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆ, ಮುಚ್ಚಿದ ಟಾಯ್ಲೆಟ್ಟಿನಲ್ಲಿ ಅದು ಜೀವಕ್ಕೇ ಅಪಾಯ. ನಮ್ಮ ಪ್ಲಂಬರ್ ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಕೇಳುವುದು ಇದನ್ನು: "ಅಕ್ಕಾ, ಆಸಿಡ್ ಎಂತಾದ್ರೂ ಹಾಕಿದ್ದುಂಟಾ? ಹಾಕಿದ್ರೆ ಈಗಲೇ ಹೇಳಿ ಮಾರಾಯ್ರೆ, ನಾನು ಒತ್ತುವಾಗ ಕಣ್ಣಿಗೆ ಹಾರ್ತದೆ." ನ್ಯಾಯವೇ ಅಲ್ವಾ?

ಅವರು ತಂದದ್ದು ಸ್ಪ್ರಿಂಗ್. ಉಕ್ಕಿನ ಸುರುಳಿ ತಂತಿ, ಒಂದು ತುದಿಯಲ್ಲಿ ಹಿಡಿ, ಇನ್ನೊಂದು ತುದಿ ಕೊಕ್ಕೆಯ ಹಾಗೆ ಬಿಚ್ಚಿಕೊಂಡಿರುತ್ತದೆ. ನನ್ನ ಪ್ರಕಾರ ಹಟ ಹಿಡಿದು ಕಟ್ಟಿಕೊಂಡದ್ದಕ್ಕೆ ಇದಕ್ಕಿಂತ ಒಳ್ಳೆಯ ಸಾಮಾನು ಇಲ್ಲ. ಪಂಪ್ ಕಟ್ಟಿದ್ದನ್ನು ಮುಂದೆ ತಳ್ಳುತ್ತದೆ, ಅದು ಪೈಪಿನ ಮುಂದಿನ ಬೆಂಡಿನಲ್ಲಿ, ಅಂದರೆ ತಿರುವಿನಲ್ಲಿ, ಹೋಗಿ ಮತ್ತೆ ಕೂರಬಹುದು. ಸ್ಪ್ರಿಂಗ್ ಹಿಡಿದು ಹೊರಗೇ ತರುತ್ತದೆ. ತಳ್ಳುತ್ತಾ ಒಂದೇ ದಿಕ್ಕಿಗೆ ತಿರುಗಿಸುತ್ತಾ ಹೋಗಬೇಕು, ಬೆಂಡಿನಲ್ಲಿ ತಡೆದರೆ ಗುದ್ದಬಾರದು, ಸ್ವಲ್ಪ ಹಿಂದೆ ಎಳೆದು ಮತ್ತೆ ತಿರುಗಿಸಬೇಕು. ಕೊಕ್ಕೆಗೆ ಏನೋ ಸಿಕ್ಕಿತು ಅಂತ ಕೈಗೆ ಗೊತ್ತಾಗುತ್ತದೆ, ತಂತಿ ರಬ್ಬರಿನ ಹಾಗೆ ಹಿಂದಕ್ಕೆ ತಿರುಚಿಕೊಳ್ಳುತ್ತದೆ. ಅಷ್ಟಮಿಗೆ ಬಂದ ನೆಂಟರು ಹೋದ ಮೇಲೆ ನಮ್ಮಲ್ಲಿ ಹೊರಗೆ ಬಂದದ್ದು ಮಗುವಿನ ವೆಟ್ ವೈಪ್ಸ್. ಒಂದಕ್ಕೊಂದು ಹೊಸೆದುಕೊಂಡು ಹಗ್ಗವಾಗಿತ್ತು. ಬಿಡಿಸಿ ನೋಡಿದರೆ ಒಂದೂ ಹರಿದಿರಲಿಲ್ಲ, ಅದರ ಮೇಲೆ ಒತ್ತಿದ ಸಣ್ಣ ಹೂವಿನ ಚಿತ್ತಾರ ಕೂಡ ಹಾಗೇ ಇತ್ತು. ಅದು ಕಾಗದವಲ್ಲ, ಹೆಚ್ಚಿನದರಲ್ಲಿ ಪ್ಲಾಸ್ಟಿಕ್ ಎಳೆಯೇ ಇರುತ್ತದೆ, ನೀರಿನಲ್ಲಿ ಕರಗುವುದಿಲ್ಲ. ಸ್ಪ್ರಿಂಗಿನ ತೊಂದರೆ ಒಂದೇ: ಒರಟು ತಂತಿ ಪಿಂಗಾಣಿಗೆ ಕಪ್ಪು ಗೀರು ಎಳೆಯುತ್ತದೆ. ಕಮೋಡಿಗೆಂದೇ ಬಗ್ಗಿದ ಕೊಳವೆಯೊಳಗೆ ತಂತಿ ಇರುವಂಥದ್ದು ಬರುತ್ತದೆ, ಕೊಳ್ಳುವುದಾದರೆ ಅದನ್ನೇ ಕೊಳ್ಳಿ.

ಚೇಂಬರಿನ ಆಚೆ ಕಟ್ಟಿದಾಗ ನಮ್ಮ ಹಿರಿಯರದ್ದು ಬಿದಿರಿನ ಉದ್ದ ಸೀಳು. ನೇರ ಪೈಪಿಗೆ ಈಗಲೂ ಆಗುತ್ತದೆ. ಆದರೆ ಒಳಗೆ ಮುರಿದರೆ ಅದನ್ನು ತೆಗೆಯಲು ಇನ್ನೊಬ್ಬರು ಬೇಕು. ನಮ್ಮಲ್ಲಿ ಒಂದು ಸಲ ಚೇಂಬರಿನಿಂದ ಟ್ಯಾಂಕಿಗೆ ಹೋಗುವ ಹಳೇ ಪೈಪಿನ ಜಾಯಿಂಟಿನಲ್ಲಿ ತೆಂಗಿನ ಬೇರು ನುಗ್ಗಿ, ಕಾಲೊರಸಿನ ಹಾಗೆ ಹೆಣೆದುಕೊಂಡು ಕೂತಿತ್ತು. ಅದಕ್ಕೆ ಬಿದಿರು, ಸ್ಪ್ರಿಂಗ್ ಎರಡೂ ಸೋತವು. ಅಗೆದು, ಅಷ್ಟು ಭಾಗ ಕತ್ತರಿಸಿ, 4 ಇಂಚಿನ ಪಿವಿಸಿ ಹಾಕಿಸಿದ ಮೇಲೆಯೇ ನೆಮ್ಮದಿ.

ಕೊನೆಗೆ ಸಕ್ಷನ್ ಲಾರಿ, ಅಂದರೆ ಟ್ಯಾಂಕಿನಲ್ಲಿರುವುದನ್ನು ಪೈಪ್ ಹಾಕಿ ಎಳೆದುಕೊಂಡು ಹೋಗುವ ಲಾರಿ. ಎಲ್ಲಕ್ಕಿಂತ ದುಬಾರಿ, ಮತ್ತು ಬೇಕಾದಾಗ ಅದಕ್ಕೆ ಬದಲಿ ಇಲ್ಲ. ಚೇಂಬರೂ ಟ್ಯಾಂಕೂ ತುಂಬಿದ್ದರೆ ಬೇರೆ ಯಾವ ಸಾಮಾನೂ ಲೆಕ್ಕಕ್ಕಿಲ್ಲ. ಆದರೆ ಇಲ್ಲಿ ನಮ್ಮ ಊರಿನದ್ದೇ ಒಂದು ತಕರಾರು ಉಂಟು. ಜುಲೈ ಮಳೆಯಲ್ಲಿ ಬಾವಿ ನೀರು ಕಟ್ಟೆಯ ಹತ್ತಿರಕ್ಕೆ ಬಂದಿರುತ್ತದೆ, ಅಂದರೆ ಇಂಗುಗುಂಡಿಯ ಸುತ್ತಲಿನ ಮಣ್ಣೂ ನೀರು ಕುಡಿದು ಹೊಟ್ಟೆ ತುಂಬಿಸಿಕೊಂಡಿರುತ್ತದೆ. ಗುಂಡಿಯ ನೀರು ಇಂಗಲು ಜಾಗವೇ ಇಲ್ಲ. ಲಾರಿ ಬಂದು ಎಳೆದುಕೊಂಡು ಹೋದರೂ ರಿಂಗಿನ ತೂತುಗಳಿಂದ ಮಳೆನೀರು ಒಳಗೆ ಬಂದು ಬೇಗನೆ ಮತ್ತೆ ತುಂಬುತ್ತದೆ. ಕೊಟ್ಟ ದುಡ್ಡು ನೀರಿಗೇ. ಅದಕ್ಕೇ ಟ್ಯಾಂಕಿನ ಕೆಸರನ್ನು 2–3 ವರ್ಷಕ್ಕೊಮ್ಮೆ ಏಪ್ರಿಲ್–ಮೇಯಲ್ಲಿ, ಮಳೆ ಹಿಡಿಯುವ ಮೊದಲು ತೆಗೆಸುವುದು ನಮ್ಮ ಈಗಿನ ಕ್ರಮ. ಮಳೆಯ ನಡುವೆ ಉಕ್ಕಿದರೆ ಫ್ಲಶ್ ಬಿಟ್ಟು ಅರ್ಧ ಬಕೆಟ್ ನೀರಿನಲ್ಲಿ ಸುಧಾರಿಸುತ್ತೇವೆ, ಅಂಗಳದ ನೀರು ಗುಂಡಿಯ ಕಡೆ ಹೋಗದ ಹಾಗೆ ಕಣಿ ತೋಡುತ್ತೇವೆ, ಬಾವಿ ನೀರು ಕುದಿಸದೆ ಕುಡಿಯುವುದಿಲ್ಲ. ಸೆಪ್ಟಿಕ್ ಟ್ಯಾಂಕಿಗೆ ಹಾಕುವ ಬ್ಯಾಕ್ಟೀರಿಯಾ ಪುಡಿಯಿಂದ ಇಂಥ ಹೊತ್ತಿನಲ್ಲಿ ಪ್ರಯೋಜನ ಇಲ್ಲ, ಅದು ಮಳೆನೀರನ್ನು ಕುಡಿಯುವುದಿಲ್ಲವಲ್ಲ.

ಲಾರಿಗಿಂತ ಕಡಿಮೆ ದುಡ್ಡಿಗೆ ತಾನೇ ಗುಂಡಿಯೊಳಗೆ ಇಳಿದು ತೆಗೆದುಕೊಡುತ್ತೇನೆ ಅನ್ನುವವರು ಸಿಗಬಹುದು. ಅದನ್ನು ನಾನು ಈ ಹೋಲಿಕೆಗೆ ಸೇರಿಸುವುದೇ ಇಲ್ಲ. ಗುಂಡಿಯೊಳಗಿನ ಹೈಡ್ರೋಜನ್ ಸಲ್ಫೈಡ್ ಗ್ಯಾಸಿಗೆ ಮನುಷ್ಯ ಕ್ಷಣದಲ್ಲಿ ಬೀಳುತ್ತಾನೆ, ಎತ್ತಲು ಹೋದವನೂ ಬೀಳುತ್ತಾನೆ. ರಕ್ಷಣೆಯ ಸಾಮಾನಿಲ್ಲದೆ ಹಾಗೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾನೂನಿನ ಪ್ರಕಾರ ಅಪರಾಧ, ಇಳಿಸಿದ ಮನೆಯವರ ಮೇಲೂ ಕೇಸ್ ಆಗಬಹುದು.

ಲಾರಿಯವರಿಗೆ ಫೋನ್ ಮಾಡುವಾಗ ಮೊದಲು ಹೇಳಬೇಕಾದ್ದು ಟ್ಯಾಂಕಿನ ಸೈಜ್ ಅಲ್ಲ, ರಸ್ತೆಯಿಂದ ಟ್ಯಾಂಕಿಗೆ ಎಷ್ಟು ಅಡಿ ಅಂತ. ಅವರ ಪೈಪ್ ಮುಟ್ಟದಿದ್ದರೆ ಬಂದ ಲಾರಿ ಹಾಗೇ ವಾಪಸ್, ಬಾಡಿಗೆ ಮಾತ್ರ ನಿಮ್ಮದು. ನಮ್ಮ ಓಣಿಗೆ ಲಾರಿ ಬರುವುದಿಲ್ಲ, ಹಾಗಾಗಿ ಅಳತೆ ಟೇಪ್ ಹಿಡಿದು ಅಳೆದು ಆ ಅಂಕಿಯನ್ನು ಟಾಯ್ಲೆಟ್ ಬಾಗಿಲ ಹಿಂದೆ ಪೇಂಟಿನಲ್ಲಿ ಬರೆದಿಟ್ಟಿದ್ದೇವೆ, ಕೆಳಗೆ ಪ್ಲಂಬರ್ ನಂಬರ್.