ತುಮಕೂರಿನಲ್ಲಿ ಸೈಟೋ, ಷೇರುಪೇಟೆಯ ರೀಟ್ ಯೂನಿಟೋ?

ಕೈಯಲ್ಲಿ ಎರಡು ಮೂರು ಲಕ್ಷ ಸೇರಿದರೆ ಸಾಕು, ತುಮಕೂರಿನಲ್ಲಿ ದಲ್ಲಾಳಿಯನ್ನು ಹುಡುಕಬೇಕಿಲ್ಲ. ಅವನೇ ನಮ್ಮನ್ನು ಹುಡುಕಿಕೊಂಡು ಬರುತ್ತಾನೆ. ವಸಂತನರಸಾಪುರದ ಕೈಗಾರಿಕಾ ಪ್ರದೇಶದ ಹೆಸರು ಹೇಳಿ ರೆವೆನ್ಯೂ ಸೈಟಿಗೆ, ಅಂದರೆ ಕೃಷಿ ಜಮೀನನ್ನೇ ತುಂಡು ಮಾಡಿದ ಸೈಟಿಗೆ, ಮುಂಗಡ ಕೇಳುತ್ತಾನೆ. ವಸತಿಗೆಂದು ಭೂಪರಿವರ್ತನೆ ಆಗದ ಇಂಥ ತುಂಡಿಗೆ ಬ್ಯಾಂಕು ಸಾಲ ಕೊಡಲು ಹಿಂಜರಿಯುತ್ತದೆ, ಮನೆ ಕಟ್ಟಲು ಪರವಾನಗಿ ಸಿಗುವುದು ಕಷ್ಟ. ಸೈಟೇ ಬೇಕೆಂದರೆ ನಗರಾಭಿವೃದ್ಧಿ ಪ್ರಾಧಿಕಾರ ಒಪ್ಪಿದ ಬಡಾವಣೆಯನ್ನೇ ನೋಡಿ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ, ಇ-ಖಾತೆ, ಆಸ್ತಿಯ ಮೇಲೆ ಸಾಲವಿದೆಯೇ ಎಂದು ತೋರಿಸುವ ಋಣಭಾರ ಪತ್ರ ಮೂರನ್ನೂ ನೋಡಿದ ಮೇಲೆ ಕರಾರಿಗೆ ಸಹಿ ಹಾಕಿ. ನೋಂದಣಿ ಶುಲ್ಕವೂ 2025ರ ಆಗಸ್ಟ್ ಕೊನೆಯಿಂದ ಶೇ. 1ರಿಂದ 2ಕ್ಕೆ ಏರಿದೆ. ಮುದ್ರಾಂಕ ಶುಲ್ಕ ಬೇರೆ. ಇಷ್ಟಾದರೂ ಖಾಲಿ ಸೈಟು ಬಾಡಿಗೆ ತರುವುದಿಲ್ಲ, ಬೇಲಿಯ ಖರ್ಚು ತರುತ್ತದೆ.

ರೀಟ್ ಎಂದರೆ ಹಲವರ ಹಣ ಸೇರಿಸಿ ಬಾಡಿಗೆ ತರುವ ದೊಡ್ಡ ಕಟ್ಟಡಗಳನ್ನು ಹೊಂದುವ ಟ್ರಸ್ಟ್; ಅದರ ಒಂದು ಪಾಲೇ ಯೂನಿಟ್. ಷೇರು ಇಡುವ ಡಿಮ್ಯಾಟ್ ಖಾತೆಯಿದ್ದರೆ ಒಂದೇ ಯೂನಿಟ್ ಕೊಳ್ಳಬಹುದು. ಆಸ್ತಿಯ ಕನಿಷ್ಠ ಶೇ. 80 ಭಾಗ ಪೂರ್ಣಗೊಂಡು ಆದಾಯ ತರುವ ಕಟ್ಟಡಗಳಲ್ಲಿರಬೇಕು, ಹಂಚಬಹುದಾದ ನಗದಿನ ಕನಿಷ್ಠ ಶೇ. 90ನ್ನು ಹೂಡಿಕೆದಾರರಿಗೆ ಕೊಡಬೇಕು ಎಂಬುದು ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮ. ಯೂನಿಟ್ ಬೆಲೆ ದಿನವೂ ಏರಿಳಿಯುತ್ತದೆ. ಅದನ್ನು ನೋಡಿ ನಿದ್ದೆಗೆಡುವವರಿಗೆ ಇದು ಬೇಡ. ಮಗಳ ಮದುವೆಗೆ ತೋರಿಸಲು ಕಲ್ಲು ನೆಟ್ಟ ಜಾಗವೂ ಇರುವುದಿಲ್ಲ!

ಮೊದಲ ಹೂಡಿಕೆಗೆ, ಸಾಲ ಮಾಡದೆ, ನಾನಾದರೆ ರೀಟ್‌ನಿಂದಲೇ ಶುರು ಮಾಡುತ್ತೇನೆ.