'ಹೂಡು' ಹುಡುಕಿಕೊಂಡು ಕಿಟೆಲ್ ನಿಘಂಟಿಗೆ ಹೋದಾಗ

ಹೋದ ತಿಂಗಳು ನಾನು ಅನುವಾದಿಸಿದ್ದ ವಿಮೆ ಜಾಹೀರಾತೊಂದು ವಾಪಸ್ ಬಂತು. 'ಮಗಳ ಓದಿಗೆ ಈಗಲೇ ಯೋಜನೆ ಹೂಡಿ' ಅಂತ ಬರೆದಿದ್ದೆ. ಕಚೇರಿಯ ಹುಡುಗ ಫೋನ್ ಮಾಡಿ, 'ಸರ್, ಹೂಡೋದು ಸಂಚು ಅಲ್ವಾ? ಕ್ರೈಂ ಸುದ್ದಿ ಥರ ಕೇಳ್ಸುತ್ತೆ, ರೂಪಿಸಿ ಅಂತ ಮಾಡಿ' ಅಂದ. ದುಡ್ಡು ಅವರದು, ಮಾಡಿ ಕಳಿಸಿದೆ. ರಾತ್ರಿ ಮಾತ್ರ ತಡೆಯಲಾರದೆ, ಜರ್ಮನ್ ಪಾದ್ರಿ ಫರ್ಡಿನಾಂಡ್ ಕಿಟೆಲ್ ಮಾಡಿದ ಕನ್ನಡ-ಇಂಗ್ಲಿಷ್ ನಿಘಂಟನ್ನು ಕಪಾಟಿನಿಂದ ಇಳಿಸಿಕೊಂಡು ಕೂತೆ.

ಮೂಲ ಪುಸ್ತಕ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಹೊರತಂದದ್ದು. 1,700ಕ್ಕೂ ಹೆಚ್ಚು ಪುಟ, ಸುಮಾರು 70,000 ಪದ. ನನ್ನದು ಹಳೆ ಪುಸ್ತಕದ ಅಂಗಡಿಯಲ್ಲಿ ಸಿಕ್ಕ ಮರುಮುದ್ರಣ. ತೊಡೆಯ ಮೇಲಿಟ್ಟುಕೊಂಡರೆ ಕಾಲು ಜೋಮು ಹಿಡಿಯುತ್ತದೆ. ಬೈಂಡಿಂಗ್ ಎರಡನೇ ವರ್ಷಕ್ಕೇ ಬಿಟ್ಟುಕೊಂಡಿತು, ಹಳೆ ಪಂಚೆಯ ಪಟ್ಟಿ ಅಂಟಿಸಿದ್ದೇನೆ. ಅಕ್ಷರ ಇರುವೆ ಸಾಲು. ಅರ್ಥ ಕೊಟ್ಟಿರುವುದು ಇಂಗ್ಲಿಷಿನಲ್ಲಿ.

'ಹೂಡು' ತೆಗೆದರೆ ಅದು 'ಪೂಡು' ಕಡೆ ಕೈ ತೋರಿಸುತ್ತದೆ. ಹಳಗನ್ನಡದ 'ಪ' ಈಗ 'ಹ' ಆಗಿದೆ: ಹಾಲಿಗೆ ಪಾಲ್, ಹುಲಿಗೆ ಪುಲಿ. ಇದು ಗೊತ್ತಿಲ್ಲದವರಿಗೆ ಈ ಓಡಾಟ ರೇಜಿಗೆ. ನನಗಂತೂ ಅಲ್ಲೇ ಮಜಾ. ಪೂಡು ಅಂದರೆ ಜೋಡಿಸು, ನೊಗಕ್ಕೆ ಕಟ್ಟು, ಬಿಲ್ಲಿಗೆ ಬಾಣ ಹಚ್ಚು. ನೆರೆಭಾಷೆಗಳ ರೂಪವನ್ನೂ ಒಟ್ಟಿಗೇ ಕೊಡುವುದು ಈ ನಿಘಂಟಿನ ದೊಡ್ಡ ಗುಣ. ತಮಿಳಿನಲ್ಲಿ ಬೀಗಕ್ಕೆ ಪೂಟ್ಟು ಅನ್ನುತ್ತಾರೆ, ಅದೂ ಇದರ ದಾಯಾದಿಯೇ.

ಅಂದರೆ ಹೂಡುವುದು ತಲೆಯೊಳಗಿನ ಕೆಲಸವಲ್ಲ. ನಮ್ಮ ಊರಲ್ಲಿ ಬೆಳಗಿನ ಜಾವ 'ಗಳೆ ಹೂಡ್ಯಾರೇನು?' ಅಂತ ಅವ್ವ ಕೇಳಿದರೆ, ಎತ್ತಿನ ಕೊರಳಿಗೆ ನೊಗ ಬಿದ್ದಿದೆಯೇ ಅಂತ ಅರ್ಥ. ಹೊಲಕ್ಕೆ ಹೋಗಬೇಕು ಅಂತ ಕಟ್ಟೆ ಮೇಲೆ ಕೂತು ಯೋಚಿಸುವವನಿಗೆ ಆ ಮಾತು ಸಲ್ಲದು. ದಾವೆ ಹೂಡಿದ, ಬಿಡಾರ ಹೂಡಿದ, ಬಂಡವಾಳ ಹೂಡಿದ: ಎಲ್ಲದರಲ್ಲೂ ಏನೋ ಒಂದನ್ನು ಕಟ್ಟಿ ನಿಲ್ಲಿಸಿ ಆಗಿದೆ. ಸಂಚು ಆ ಸಾಲಿನಲ್ಲಿ ಒಂದು, ಅಷ್ಟೇ. ಪತ್ರಿಕೆಗಳು ಅದನ್ನೇ ಬರೆದೂ ಬರೆದೂ ಹುಡುಗನ ಕಿವಿ ಕೆಟ್ಟಿದೆ.

ತಮಾಷೆಯೆಂದರೆ 'ಯೋಜನೆ'ಯೂ ಅದೇ ಕೊಟ್ಟಿಗೆಯಿಂದ ಬಂದದ್ದು. ಸಂಸ್ಕೃತದ ಯುಜ್ ಧಾತುವಿಗೂ ಜೋಡಿಸು, ನೊಗಕ್ಕೆ ಹೂಡು ಎಂಬ ಅರ್ಥವಿದೆ. ಹಾಗಾಗಿ ನನ್ನ 'ಯೋಜನೆ ಹೂಡಿ'ಯಲ್ಲಿ ಒಂದೇ ಎತ್ತಿಗೆ ಎರಡು ನೊಗ ಬಿದ್ದಿತ್ತು! ಹುಡುಗ ಕೊಟ್ಟ ಕಾರಣ ತಪ್ಪು, ತಿದ್ದುಪಡಿ ಸರಿ. ಫೋನ್ ಮಾಡಿ ಹೇಳಲಿಲ್ಲ.

ಕೊಳ್ಳಬೇಕೇ? ಇಂದಿನ ಬಳಕೆಯಷ್ಟೇ ಸಾಕೆನ್ನುವವರಿಗೆ ಬೇಡ. ಮ್ಯೂಚುವಲ್ ಫಂಡಿನ ಹೂಡಿಕೆಯನ್ನು 1894ರ ಪುಸ್ತಕದಲ್ಲಿ ಹುಡುಕಿ ಫಲವಿಲ್ಲ. ಕನ್ನಡದಲ್ಲೇ ಅರ್ಥ ಬೇಕಿದ್ದರೆ ಸಾಹಿತ್ಯ ಪರಿಷತ್ತಿನ 8 ಸಂಪುಟಗಳಿವೆ. ಅವಸರದ ಕೆಲಸಕ್ಕೆ ನಾನೂ ಮೊಬೈಲಿನಲ್ಲಿ ವಿ. ಕೃಷ್ಣ ಅವರ 'ಅಲರ್' ಎಂಬ ಆನ್‌ಲೈನ್ ನಿಘಂಟು ನೋಡುತ್ತೇನೆ, ಪುಕ್ಕಟೆ. ಆದರೆ ಒಂದು ಪದದ ಬೆನ್ನು ಹತ್ತಿ ರಾತ್ರಿ ಕಳೆಯುವ ಚಟ ಇದ್ದವರು ಕಿಟೆಲ್ ತರಲೇಬೇಕು. ತರುವ ಮುಂಚೆ ನಡುವಿನ ಪುಟ ಬಿಚ್ಚಿ, ಹೊಲಿಗೆ ಹಾಕಿದ್ದೋ ಬರೀ ಅಂಟಿಸಿದ್ದೋ ನೋಡಿಕೊಳ್ಳಿ.