ಹ್ಯಾಂಡ್‌ಬಿಲ್ಟ್ ವೀಲ್‌ಸೆಟ್‌ಗೆ ಅಡ್ವಾನ್ಸ್ ಕೊಡೋ ಮುಂಚೆ ಇದನ್ನ ಓದ್ಬಿಡಿ

ಬೆಂಗಳೂರಲ್ಲಿ ಯಾರಾದ್ರೂ ಸೈಕಲ್‌ಗೆ ಕೈಯಲ್ಲಿ ಕಟ್ಟಿದ ವೀಲ್ ಮಾಡಿಸ್ಕೋಬೇಕು ಅಂತ ಅಡ್ವಾನ್ಸ್ ಕೊಟ್ಟಿದ್ರೆ, ಇಲ್ಲ ಕೊಡೋಕೆ ಹೊರಟಿದ್ರೆ, ಒಂದ್ ನಿಮಿಷ ನಿಲ್ಲಿ. ನಾನು 32,000 ರೂಪಾಯಿ ಕೊಟ್ಟು ಟೋಪಿ ಹಾಕಿಸ್ಕೊಂಡಿದೀನಿ. ಹೇಳ್ಕೊಳ್ಳೋಕೆ ನಾಚಿಕೆ ಆಗುತ್ತೆ, ನಮ್ಮ ಗ್ರೂಪಲ್ಲಿ ಹಬ್ಬು (ಚಕ್ರದ ನಡುಭಾಗ) ರಿಮ್ಮು (ಹೊರಗಿನ ಬಳೆ) ಅಂತ ಎಲ್ರಿಗೂ ಪುಕ್ಕಟೆ ಬುದ್ಧಿ ಹೇಳೋನು ನಾನೇ, ಈಗ ಎಲ್ರೂ ಮುಸಿಮುಸಿ ನಗ್ತಿದಾರೆ, ನಗ್ಲಿ.

ವೀಲ್ ಕಟ್ಟಿಕೊಡೋನ ಜೊತೆ ಮಾತಾಗಿದ್ದು ಇದು. ಶಿಮಾನೋ 105 ಹಬ್ಬು, ಡಿಟಿ ಸ್ವಿಸ್ ಆರ್ 460 ರಿಮ್ಮು, ಹಿಂದೆ ಮುಂದೆ ಎರಡಕ್ಕೂ 32 ಕಡ್ಡಿ, ತ್ರೀ ಕ್ರಾಸ್ (ಒಂದೊಂದು ಕಡ್ಡಿ ಬೇರೆ ಮೂರು ಕಡ್ಡಿ ದಾಟೋ ಹೆಣಿಗೆ), ಕಡ್ಡಿ ಡಿಟಿ ಸ್ವಿಸ್ ಕಾಂಪಿಟಿಷನ್, ಹಿತ್ತಾಳೆ ನಿಪ್ಪಲ್ (ಕಡ್ಡೀನ ರಿಮ್ಮಿಗೆ ಬಿಗಿಯೋ ನಟ್ಟು). ನಾನು ದಪ್ಪ ಆಸಾಮಿ, ಬಿಆರ್‌ಎಂ (ಟೈಮ್ ಲಿಮಿಟ್ ಒಳಗೆ ಮುಗಿಸ್ಬೇಕಾದ ದೂರದ ಸೈಕಲ್ ರೈಡ್) ಓಡಿಸೋನು, ಕಾರ್ಬನ್ ಷೋಕಿ ನನಗೆ ಬೇಡ, ಗುಂಡಿಗೆ ಬಿದ್ರೂ ಔಟ್ ಆಗದೆ (ಸೊಟ್ಟಗಾಗಿ ಓಲಾಡದೆ) ಇರೋ ಚಕ್ರ ಬೇಕಿತ್ತು ಅಷ್ಟೆ. ಈ ಕಾಂಪಿಟಿಷನ್ ಕಡ್ಡಿ ಎರಡೂ ತುದೀಲಿ 2.0 ಎಂಎಂ, ನಡುವೆ 1.8, ಇದಕ್ಕೇ ಡಬಲ್ ಬಟ್ಟೆಡ್ ಅನ್ನೋದು. ನಡು ಸಣ್ಣ ಇರೋದ್ರಿಂದ ಅದು ಸ್ವಲ್ಪ ಎಳ್ಕೊಳುತ್ತೆ, ಗುಂಡಿ ಹೊಡೆದಾಗ ಹಬ್ಬಿನ ಹತ್ರ ಬಗ್ಗಿರೋ ಕತ್ತಿನ ಮೇಲೆ ಏಟು ಕಮ್ಮಿ ಬೀಳುತ್ತೆ. ಉದ್ದಕ್ಕೂ ಒಂದೇ ದಪ್ಪ ಇರೋ ಪ್ಲೇನ್ ಕಡ್ಡಿಗಿಂತ ಜಾಸ್ತಿ ದುಡ್ಡು ಕೊಡೋದು ಅದಕ್ಕೇ. ಇದನ್ನೆಲ್ಲ ಅವನೇ ನನಗೆ ವಿವರಿಸಿ ಹೇಳಿದ್ದ, ಅವನೇ! "ಸರ್, ನಿಮ್ಮ ವೇಟಿಗೆ ಡಬಲ್ ಬಟ್ಟೆಡ್ಡೇ ಹಾಕೋಣ, ಪ್ಲೇನ್ ಹಾಕಿದ್ರೆ ಸರಿಹೋಗಲ್ಲ" ಅಂತ.

ತಗೊಳ್ಳೋಕೆ ಹೋದಾಗ ಸ್ಟ್ಯಾಂಡ್ ಮೇಲೆ ತಿರುಗಿಸಿ ತೋರಿಸಿದ, ಒಂದಿಷ್ಟೂ ಔಟ್ ಇಲ್ಲ, ಬೆಣ್ಣೆ ಥರ ತಿರುಗ್ತಿತ್ತು. ಜೊತೆಗೆ ಒಂದೊಂದು ಕಡ್ಡಿ ಎಷ್ಟು ಬಿಗಿ ಇದೆ ಅಂತ ಬರೆದಿರೋ ಟೆನ್ಷನ್ ಶೀಟ್, ಪ್ರಿಂಟ್ ತೆಗೆದು ಲ್ಯಾಮಿನೇಷನ್ ಬೇರೆ ಮಾಡಿಸಿದ್ದ. ನನಗೆ ಖುಷಿಯೋ ಖುಷಿ, ಫೋಟೋ ತೆಗೆದು ಗ್ರೂಪಿಗೆ ಹಾಕಿದ್ದೇ ಹಾಕಿದ್ದು.

ಮೊದಲನೇ ರೈಡಲ್ಲೇ ಹಿಂದಿನ ಚಕ್ರದಿಂದ ಟಿಕ್ ಟಿಕ್ ಸದ್ದು. ಮೆಸೇಜ್ ಹಾಕ್ದೆ. "ಹೊಸ ವೀಲ್ ಅಲ್ವಾ ಸರ್, ಸೆಟ್ ಆಗ್ತಿದೆ" ಅಂದ. ಏನ್ ಸೆಟ್ಟು? ನಿಪ್ಪಲ್ ಟೈಟ್ ಮಾಡುವಾಗ ಕಡ್ಡೀನೂ ಜೊತೆಗೆ ತಿರುಚ್ಕೊಂಡಿರುತ್ತೆ, ಕಟ್ಟೋನು ಕೂತು ಆ ತಿರುಚು ಬಿಡಿಸ್ಬೇಕು, ಜೋಡಿ ಜೋಡಿ ಕಡ್ಡಿ ಹಿಡಿದು ಗಟ್ಟಿಯಾಗಿ ಅಮುಕಬೇಕು, ಮತ್ತೆ ಔಟ್ ತೆಗೀಬೇಕು, ಮತ್ತೆ ಅಮುಕಬೇಕು. ಕೈಯಲ್ಲಿ ಕಟ್ಟೋದು ಅಂದ್ರೆ ಇದೇ, ಆ ಕೂಲಿ ಇದಕ್ಕೇ. ಅದನ್ನ ಮಾಡದೆ ಕೊಟ್ರೆ ರೋಡಲ್ಲಿ ನಾವು ಹೋಗ್ತಾ ಹೋಗ್ತಾ ಅದೇ ಬಿಡಿಸ್ಕೊಳುತ್ತೆ, ಟಿಕ್ ಟಿಕ್ ಅಂತ, ಟೆನ್ಷನ್ ಎಲ್ಲ ಮೇಲೆ ಕೆಳಗೆ ಆಗುತ್ತೆ.

ಆಮೇಲೆ 300 ಕಿಲೋಮೀಟರ್ ಬಿಆರ್‌ಎಂ. 20 ಗಂಟೆ ಟೈಮು, ಆರಾಮಾಗಿ ಹೋಗ್ತಿದ್ದೆ. ಶಿರಾ ದಾಟಿ ಹಿರಿಯೂರು ಕಡೆ ಹೋಗುವಾಗ ಟಣ್ ಅಂತು. ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಕಡೆ ಕಡ್ಡಿ ಮುರೀತು. ಚಕ್ರ ಹಾವಿನ ಥರ ಆಡೋಕೆ ಶುರು, ರಿಮ್ಮು ಬ್ರೇಕ್ ಪ್ಯಾಡಿಗೆ ಉಜ್ಜುತ್ತೆ. ಬ್ರೇಕ್ ಸಡಿಲ ಮಾಡಿ ಇನ್ನೊಂಚೂರು ಹೋದೆ, ಇನ್ನೊಂದು ಟಣ್. ಆ ಕಡೆ ಕಡ್ಡಿ ಬದಲಾಯಿಸ್ಬೇಕಂದ್ರೆ ಕ್ಯಾಸೆಟ್ ಬಿಚ್ಚಬೇಕು, ಹೈವೇ ಪಕ್ಕ ಪಂಚರ್ ಅಂಗಡೀಲಿ ಆ ಟೂಲ್ ಎಲ್ಲಿಂದ ಬರುತ್ತೆ. ಡಿಎನ್‌ಎಫ್, ಅಂದ್ರೆ ರೈಡ್ ಮುಗಿಸೋಕೆ ಆಗ್ಲಿಲ್ಲ. ಸೈಕಲ್ ಗೂಡ್ಸ್ ಟೆಂಪೋಗೆ ಹಾಕ್ಕೊಂಡು ಈರುಳ್ಳಿ ಮೂಟೆ ಪಕ್ಕ ಕೂತು ವಾಪಸ್ ಬಂದೆ.

ಈಗ ಅವನ ರಿಪ್ಲೈಗಳು ನೋಡಿ. ಮೊದಲು "ನಮ್ಮ ರೋಡ್ ಹಂಗಿದೆ ಸರ್". ಅದೇ ರೋಡಲ್ಲಿ ನನ್ನ ಹಳೇ ಕಂಪನಿ ಫಿಟೆಡ್ ವೀಲ್ ವರ್ಷಗಟ್ಟಲೆ ಓಡಿತ್ತಲ್ಲಪ್ಪಾ? ಆಮೇಲೆ "ಸರ್ ಬೇಜಾರ್ ಮಾಡ್ಕೋಬೇಡಿ, ನಿಮ್ಮ ವೇಟ್ ಸ್ವಲ್ಪ ಜಾಸ್ತಿ ಅಲ್ವಾ". ಆರ್ಡರ್ ತಗೊಳ್ಳುವಾಗ ವೇಟ್ ಕೇಳಿ ಬರ್ಕೊಂಡಿದ್ದು ಯಾರು ಸ್ವಾಮಿ? ಆಮೇಲೆ "ತಂದುಕೊಡಿ, ಫ್ರೀಯಾಗಿ ಔಟ್ ತೆಗೆದು ಕೊಡ್ತೀನಿ". ಫ್ರೀ ಅಂತೆ ಫ್ರೀ.

ಅವತ್ತು ರಾತ್ರಿ ಸಿಟ್ಟಲ್ಲಿ ಆ ಲ್ಯಾಮಿನೇಟೆಡ್ ಶೀಟ್ ತೆಗೆದೆ. ಹಿಂದಿನ ಚಕ್ರ, ಬಲಗಡೆ 16 ಕಡ್ಡಿ, ಎಲ್ಲಾದಕ್ಕೂ 110 ಕೆಜಿ. ಸರಿ. ಎಡಗಡೆ 16, ಅದಕ್ಕೂ 110. ಅಲ್ಲಾ ರೀ! ಕ್ಯಾಸೆಟ್ ಇರೋ ಚಕ್ರದಲ್ಲಿ ಬಲಗಡೆ ಕಡ್ಡಿ ನೆಟ್ಟಗೆ ನಿಂತಿರುತ್ತೆ, ಎಡಗಡೆದು ಓರೆಯಾಗಿರುತ್ತೆ, ರಿಮ್ಮು ಮಧ್ಯಕ್ಕೆ ಬರ್ಬೇಕು ಅಂದ್ರೆ ಎಡಗಡೆ ಟೆನ್ಷನ್ ಬಲಗಡೆದರ ಅರ್ಧಕ್ಕಿಂತ ಒಂಚೂರು ಮೇಲೆ ಇರುತ್ತೆ ಅಷ್ಟೆ. ಎರಡೂ ಕಡೆ 110 ಅಂದ್ರೆ ರಿಮ್ಮು ಎಡಕ್ಕೆ ಹೋಗಿ ಕೂತಿರ್ಬೇಕಿತ್ತು. ಅಂದ್ರೆ ಮೀಟರ್ ಹಿಡಿದೇ ಇಲ್ಲ ಅವನು. ಒಂದು ನಂಬರ್ ಟೈಪ್ ಮಾಡಿ ಕೆಳಗಿನವರೆಗೂ ಎಳೆದಿದಾನೆ. ಅದಕ್ಕೆ ಲ್ಯಾಮಿನೇಷನ್ ಬೇರೆ. ಆ ಶೀಟ್ ನನ್ನ ಟೇಬಲ್ ಮೇಲೇ ಬಿದ್ದಿತ್ತು, ದಿನಾ ನೋಡ್ತಿದ್ದೆ.

ಬೆಳಗ್ಗೆ ನಮ್ಮ ಏರಿಯಾದ ಹಳೇ ಸೈಕಲ್ ಅಂಗಡಿ ಯಜಮಾನ್ರ ಹತ್ರ ತಗೊಂಡೋದೆ. ಅವರು ಒಂದೂ ಮಾತಾಡದೆ ಚಕ್ರ ಹಿಡಿದು ಪೆನ್ಸಿಲ್ಲಲ್ಲಿ ಕಡ್ಡಿ ಮೀಟ್ತಾ ಹೋದ್ರು. ಒಂದು ಟಿಂಗ್, ಪಕ್ಕದ್ದು ಟುಂಯ್, ಮುಂದಿಂದು ಸದ್ದೇ ಇಲ್ಲ. "ಔಟ್ ಇಲ್ಲ ಅಂದ್ರೆ ಟೆನ್ಷನ್ ಸರಿ ಇದೆ ಅಂತ ಅಲ್ಲಪ್ಪಾ, ಒಂದು ಬಿಗಿ ಒಂದು ಸಡ್ಲ ಇಟ್ಟೂ ನೆಟ್ಟಗೆ ತಿರುಗಿಸ್ಬೋದು" ಅಂದ್ರು. ಆಮೇಲೆ ಮುರಿದ ಕಡ್ಡಿಗೆ ವರ್ನಿಯರ್ (ದಪ್ಪ ಅಳೆಯೋ ಟೂಲ್) ಹಿಡಿದ್ರು. ತುದಿ 2.0. ನಡು... 2.0. ಇನ್ನೊಂದು ಕಡೆ ಹಿಡಿದ್ರು, 2.0. ಬೇರೆ ಕಡ್ಡಿ, 2.0. ಪೂರ್ತಿ ಪ್ಲೇನ್ ಕಡ್ಡಿ! ತಲೆ ಮೇಲೆ ಯಾವ ಕಂಪನಿ ಮಾರ್ಕೂ ಇಲ್ಲ. ಟೈರ್, ರಿಮ್ ಟೇಪ್ ಬಿಚ್ಚಿ ನೋಡಿದ್ರೆ ಇನ್ನೂ ಚೆನ್ನಾಗಿದೆ, ಕಡ್ಡಿ ನಿಪ್ಪಲ್ ತಲೆವರೆಗೂ ಬಂದೇ ಇಲ್ಲ, ಒಳಗೆಲ್ಲೋ ನಿಂತುಬಿಟ್ಟಿದೆ, ಈ ಕಡೆ ನಿಪ್ಪಲ್ ಹೊರಗೆ ಥ್ರೆಡ್ ಕಾಣ್ತಿದೆ. ಗಿಡ್ಡ ಕಡ್ಡಿ. ಎಡಕ್ಕೂ ಬಲಕ್ಕೂ ಒಂದೇ ಅಳತೆ, ಕೈಗೆ ಸಿಕ್ಕ ಬಾಕ್ಸಿಂದ ತೆಗೆದು ಹಾಕಿದಾನೆ.

ಪ್ಲೇನ್ ಕಡ್ಡಿ ಅಂದ್ರೆ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ಸರಿಯಾಗಿ ಬಿಗಿ ಮಾಡಿ ಕಟ್ಟಿದ್ರೆ ಅದೂ ಸಾವಿರಾರು ಕಿಲೋಮೀಟರ್ ಓಡುತ್ತೆ. ಸಡಿಲ ಇಟ್ರೆ ಯಾವ ಕಡ್ಡಿ ಆದ್ರೂ ಒಂದೊಂದು ಸುತ್ತಿಗೂ ಕತ್ತು ಆಡಿ ಆಡಿ ಅಲ್ಲೇ ಮುರಿಯುತ್ತೆ, ನನ್ನದೂ ಎರಡೂ ಅಲ್ಲೇ ಮುರಿದಿರೋದು. ಆದ್ರೆ ಕಾಂಪಿಟಿಷನ್ ಕಡ್ಡಿ ದುಡ್ಡು ತಗೊಂಡಿದೀಯಲ್ಲಪ್ಪಾ ನೀನು!

ವರ್ನಿಯರ್ ಫೋಟೋ ಕಳಿಸ್ದೆ. ಬ್ಲೂ ಟಿಕ್ ಬಂತು, ಸಂಜೆವರೆಗೂ ಸದ್ದಿಲ್ಲ. ಆಮೇಲೆ ವಾಯ್ಸ್ ನೋಟು: "ಸರ್ ಆ ಟೈಮಲ್ಲಿ ಸ್ಟಾಕ್ ಇರ್ಲಿಲ್ಲ, ಇದು ಅದಕ್ಕಿಂತ ಸ್ಟ್ರಾಂಗು, ನಿಮ್ಮ ಒಳ್ಳೇದಕ್ಕೇ ಹಾಕಿದ್ದು." ಒಳ್ಳೇದಕ್ಕೆ! ಪ್ಲೇನ್ ಸರಿಹೋಗಲ್ಲ ಅಂದಿದ್ದೂ ಇದೇ ಬಾಯಿ. ಶೀಟ್ ಬಗ್ಗೆ ಕೇಳಿದ್ರೆ "ಅದು ಸ್ಯಾಂಪಲ್ ಫಾರ್ಮ್ಯಾಟ್ ಸರ್" ಅಂತೆ. ದುಡ್ಡು ವಾಪಸ್ ಕೇಳಿದ್ದಕ್ಕೆ "ಬಿಲ್ ನೋಡಿ ಸರ್" ಅಂದ. ನೋಡ್ದೆ. "ವೀಲ್‌ಸೆಟ್ – 1" ಅಂತ ಬಿಟ್ರೆ ಏನೂ ಇಲ್ಲ, ಕಡ್ಡಿ ಹೆಸರು ಇಲ್ಲ, ಅಳತೆ ಇಲ್ಲ. ಹುಷಾರು ಮನುಷ್ಯ.

ಆದ್ರಿಂದ ಮಾಡಿಸೋರು ಬಿಲ್ಲಲ್ಲಿ ಕಡ್ಡಿ ಹೆಸರು, ಎಡ ಬಲ ಅಳತೆ ಬರೆಸಿ. ಬಾಕಿ ದುಡ್ಡು ಕೊಡೋ ಮುಂಚೆ ಅವನ ಎದುರಿಗೇ ವರ್ನಿಯರ್ ಹಿಡೀರಿ, ಮುಖ ಸಿಂಡರಿಸಿದ್ರೆ ಎದ್ದು ಬನ್ನಿ. ಟೆನ್ಷನ್ ನಿಮ್ಮ ಮುಂದೆ ಮೀಟರಲ್ಲಿ ತೋರಿಸ್ಲಿ, ಪೇಪರ್ ಬೇಡ. ಹಿಂದಿನ ಚಕ್ರಕ್ಕೆ ಎಡ ಬಲ ಒಂದೇ ನಂಬರ್ ಇದ್ರೆ ಅದು ಸುಳ್ಳು ಶೀಟು. ಮ್ಯಾಗ್ನೆಟ್ ಹಿಡಿದು ಒರಿಜಿನಲ್ ಅಂತ ನೋಡ್ತೀನಿ ಅನ್ನೋರು ಬಿಟ್ಬಿಡಿ, ಒಳ್ಳೆ ಸ್ಟೇನ್‌ಲೆಸ್ ಕಡ್ಡೀನೂ ಎಳೆದು ಮಾಡೋದ್ರಿಂದ ಒಂಚೂರು ಅಂಟುತ್ತೆ.

ಹೆಸರು ಇಲ್ಲಿ ಹಾಕ್ತಿಲ್ಲ, ದುಡ್ಡಿನ ಜಗಳ ಇನ್ನೂ ಮುಗಿದಿಲ್ಲ. ಹಬ್ಬು ರಿಮ್ಮು ಮಾತ್ರ ಒರಿಜಿನಲ್ಲೇ, ಅದಕ್ಕೆ ಬಿಸಾಕಲಿಲ್ಲ, ಯಜಮಾನ್ರು ಇಆರ್‌ಡಿ (ಕಡ್ಡಿ ಉದ್ದ ಲೆಕ್ಕ ಹಾಕೋಕೆ ಬೇಕಾದ ರಿಮ್ಮಿನ ಅಡ್ಡಳತೆ) ಅಳೆದು ಬರೆದುಕೊಟ್ಟಿದಾರೆ, 64 ಹೊಸ ಕಡ್ಡಿ ತರಿಸ್ತಿದೀನಿ, ಮತ್ತೆ ದುಡ್ಡು. ನಿನ್ನೆ ಅವನಿಂದ ಮೆಸೇಜು: "ಸರ್, ಗೂಗಲಲ್ಲಿ ಒಂದು ಒಳ್ಳೆ ರಿವ್ಯೂ ಹಾಕಿದ್ರೆ ಸೆಟ್ಲ್ ಮಾಡ್ಕೊಳ್ಳೋಣ."